ಏನು ಬರೆಯಬೇಕೆಂದೇ ತೋಚದಿದ್ದಾಗ ನೀವೇನು ಮಾಡಿದಿರಿ?

ಪ್ರಶ್ನೆ: ಆರು ವರ್ಷದಿಂದ ಜಲವರ್ಣದಲ್ಲಿ ಚಿತ್ರ ಬರೆಯುತ್ತಿದ್ದೇನೆ. ಕೈ ಪಳಗಿದೆ. ಆದರೆ ಈಚೆಗೆ ಬರೆದದ್ದೆಲ್ಲ ನನ್ನದೇ ಹಳೆಯ ಚಿತ್ರಗಳ ನಕಲಿನಂತೆ ಕಾಣುತ್ತದೆ, ಕೂರುವ ಮನಸ್ಸೇ ಆಗುವುದಿಲ್ಲ. ಯಾರಿಗಾದರೂ ಹೀಗಾಗಿತ್ತೇ?

ಉತ್ತರ: ನನಗೆ ಹೆಚ್ಚುಕಡಿಮೆ ಒಂದು ವರ್ಷ ಹೀಗೇ ಇತ್ತು. ಆಗ ಕೈಹಿಡಿದದ್ದು ಒಂದು ಕಾಗೆ! ಕಾಗೆ ಅಂದಮೇಲೆ ಕಪ್ಪು ತಾನೇ ಅಂತ ಟ್ಯೂಬಿನಿಂದ ಹಿಂಡಿ ಬಳಿದುಬಿಡುತ್ತಿದ್ದೆ. ಒಂದು ಮಧ್ಯಾಹ್ನ ಕಿಟಕಿಯಾಚೆ ಬಿಸಿಲಲ್ಲಿ ಕೂತಿದ್ದ ಕಾಗೆಯ ಬೆನ್ನು ನೀಲಿಯಾಗಿ ಮಿಂಚಿತು, ಅದು ಸ್ವಲ್ಪ ತಿರುಗಿದ್ದೇ ನೇರಳೆ. ಹಾಗಾದರೆ ಇದು ಯಾವ ಕಪ್ಪು? ಆ ಒಂದು ಪ್ರಶ್ನೆ ಮೂರು ವಾರ ನನ್ನನ್ನು ಬಿಡಲಿಲ್ಲ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಎಂಬ ಕಂದು ಬಣ್ಣ ಬೆರೆಸುತ್ತ ಹೋದೆ. ನೀಲಿ ಜಾಸ್ತಿಯಾದರೆ ಮಳೆಮೋಡದ ಬೂದು, ಕಂದು ಜಾಸ್ತಿಯಾದರೆ ಸುಟ್ಟ ಕಟ್ಟಿಗೆಯ ಬಣ್ಣ. ನೀರು ಕಡಿಮೆ ಮಾಡಿ ಎರಡನ್ನೂ ಗಟ್ಟಿಯಾಗಿ ಬೆರೆಸಿದರೆ, ಟ್ಯೂಬಿನ ಕಪ್ಪಿಗಿಲ್ಲದ ಆಳ. ತೆಳುವಾಗಿ ಹರಡಿ ಒಣಗಲು ಬಿಟ್ಟಾಗ ನೀಲಿಯ ಕಣಗಳು ಒರಟು ಕಾಗದದ ಸಣ್ಣ ಗುಳಿಗಳಲ್ಲಿ ಇಳಿದು ಕೂರುತ್ತಿದ್ದವು. ಆ ಹಾಳೆಗಳಲ್ಲಿ ಚೌಕಟ್ಟು ಹಾಕಿಸುವಂಥದ್ದು ಒಂದೂ ಇಲ್ಲ, ಆದರೆ ಊಟದ ಹೊತ್ತು ಮೀರಿದ್ದೇ ತಿಳಿಯುತ್ತಿರಲಿಲ್ಲ. ಹೊಸ ವಿಷಯ ಹುಡುಕುತ್ತ ಅಲೆಯಬೇಡಿ. ನಿಮಗೆ ಚೆನ್ನಾಗಿ ಗೊತ್ತು ಅಂದುಕೊಂಡಿರುವ ಒಂದನ್ನೇ ಅನುಮಾನದಿಂದ ನೋಡಿ.

ಇನ್ನೊಬ್ಬರು: ಹೌದು, ಈ 'ಗೊತ್ತು' ಅನ್ನುವುದೇ ಕಣ್ಣು ಮುಚ್ಚಿಸುತ್ತದೆ. ನಾಗಾಲೋಟದ ಕುದುರೆಯನ್ನು ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿದಂತೆ ಎಷ್ಟೋ ದೊಡ್ಡ ಕಲಾವಿದರು ಬರೆದಿದ್ದರು. 1878ರಲ್ಲಿ ಎಡ್ವರ್ಡ್ ಮೈಬ್ರಿಜ್ ಕ್ಯಾಮೆರಾಗಳನ್ನು ಸಾಲಾಗಿಟ್ಟು ತೆಗೆದ ಫೋಟೊಗಳಲ್ಲಿ ಕಂಡದ್ದೇ ಬೇರೆ: ನಾಲ್ಕೂ ಕಾಲು ನೆಲ ಬಿಟ್ಟ ಗಳಿಗೆಯಲ್ಲಿ ಅವು ಹೊಟ್ಟೆಯಡಿಗೆ ಮಡಚಿಕೊಂಡಿದ್ದವು. ಕುದುರೆಗಳನ್ನು ವರ್ಷಗಟ್ಟಲೆ ಬರೆದಿದ್ದ ಫ್ರೆಂಚ್ ಚಿತ್ರಕಾರ ಡೆಗಾ ಕೂಡ ಮೈಬ್ರಿಜ್‌ನ ಫೋಟೊಗಳನ್ನು ನೋಡಿ ಮತ್ತೆ ರೇಖಾಚಿತ್ರ ಬರೆದ. ನನಗೆ ಬೇಸರ ಬಂದಾಗೆಲ್ಲ ನೆನಪಾಗುವುದು ಇದೇ.

ಮತ್ತೊಬ್ಬರು: ನನ್ನ ಅನುಭವದಲ್ಲಿ ಕುತೂಹಲ ಕೈಬಿಟ್ಟದ್ದೂ ಉಂಟು. ಒಂದರಿಂದ ಇನ್ನೊಂದಕ್ಕೆ ಹಾರಿ, ಅರ್ಧ ಬಿಟ್ಟ ಹಾಳೆಗಳೇ ರಾಶಿಯಾದವು. ಈಗ ಸಲಕ್ಕೆ ಒಂದೇ ಪ್ರಶ್ನೆ. ಪುಟದ ತಲೆಯಲ್ಲಿ ಅದನ್ನು ಬರೆದುಕೊಂಡು, ಸಮಾಧಾನವಾಗುವ ತನಕ ಮುಂದಿನ ಪುಟ ತೆರೆಯುವುದಿಲ್ಲ. ಸದ್ಯ ಬರೆದಿಟ್ಟದ್ದು: ಬಿಳಿ ಗೋಡೆಯ ಮೇಲೆ ಬಿದ್ದ ನೆರಳಿನ ಅಂಚು, ವಸ್ತುವಿನಿಂದ ದೂರ ಹೋದಷ್ಟೂ ಹೇಗೆ ಕರಗುತ್ತದೆ? ಹನ್ನೊಂದನೇ ದಿನ ನಡೆಯುತ್ತಿದೆ.