ಒಂಬತ್ತು ಒಂದುಗಳ ಗುಣಾಕಾರ: ತಪ್ಪು ಅಪ್ಪನದೋ ಕಂಪ್ಯೂಟರಿನದೋ?

ಸಿರ್ಸಿ ವಖಾರಿ:
ಸಿರ್ಸಿಯ ಒಂದು ಅಡಿಕೆ ವಖಾರಿಯಲ್ಲಿ ಲೆಕ್ಕ ಬರೆಯುತ್ತೇನೆ. ಚಾಲಿ, ರಾಶಿ, ತೂಕ, ದರ, ದಿನವಿಡೀ ಅದೇ. ನನಗಿಂತ ಮೊದಲು ಅಪ್ಪ ಇದೇ ಕೆಲಸ ಮಾಡುತ್ತಿದ್ದ, ಕೆಂಪು ಬಟ್ಟೆಯ ವಹಿಯಲ್ಲಿ.

ನಿನ್ನೆ ಜೋರು ಮಳೆ, ತೋಟಕ್ಕೆ ಹೋಗುವ ಹಾಗಿರಲಿಲ್ಲ. ಅಪ್ಪ ಮೊಮ್ಮಗಳ ನೋಟ್‌ಬುಕ್ಕಿನಲ್ಲಿ 11 × 11 = 121, 111 × 111 = 12321 ಅಂತ ಬರೆಯುತ್ತಾ ಒಂಬತ್ತು ಒಂದುಗಳ ತನಕ ಹೋದ. ಉತ್ತರ 12345678987654321. ನಾನು ಸುಮ್ನೆ ಸ್ಪ್ರೆಡ್‌ಶೀಟ್‌ಗೆ ಹಾಕಿದೆ. ಬಂದದ್ದು 12345678987654300!

"ಒಂದಕ್ಕೆ ಒಂದು ಗುಣಿಸಿದ್ರೆ ಕೊನೆಗೆ ಸೊನ್ನೆ ಹ್ಯಾಂಗೆ ಬತ್ತು?" ಅಂದ ಅಪ್ಪ. ಆಮೇಲೆ ತನ್ನ ಹಳೇ ತಾಳೆ ಶುರು ಮಾಡಿದ. ಒಂಬತ್ತು ಒಂದು ಕೂಡಿದರೆ 9. ಹಾಗಾಗಿ ಉತ್ತರದ ಅಂಕೆಗಳ ಮೊತ್ತವೂ ಒಂಬತ್ತರಲ್ಲಿ ಹೋಗಲೇಬೇಕು. ಅವನ ಉತ್ತರದ್ದು 81, ಹೋಗುತ್ತದೆ. ಕಂಪ್ಯೂಟರಿನದು 78, ಹೋಗುವುದಿಲ್ಲ.

ನನ್ನ ಚಿಂತೆ ಬೇರೆ. ಬೆಳೆಗಾರರ ಬಿಲ್ಲೆಲ್ಲ ಇದೇ ಶೀಟಿನಲ್ಲಿದೆ!

ಕಾಳಿ ಸೇತುವೆ, ಕಾರವಾರ:
ಬಿಲ್ಲಿಗೆ ಏನೂ ಆಗಿಲ್ಲ, ನಿದ್ದೆ ಮಾಡಿ. ಶೀಟು 15 ಅಂಕೆ ಮಾತ್ರ ನೆನಪಿಡುತ್ತದೆ. ನಿಮ್ಮ ಸಂಖ್ಯೆಗೆ 17. ಉಳಿದ ಎರಡು ಜಾಗಕ್ಕೆ ಸೊನ್ನೆ ತುಂಬಿದೆ, ಅಷ್ಟೇ. ಆದರೆ 16 ಅಂಕೆಯ ಕಾರ್ಡ್ ನಂಬರ್ ಹಾಗೇ ಟೈಪ್ ಮಾಡಬೇಡಿ, ಕೊನೆಯ ಅಂಕೆ ಹೋಗುತ್ತದೆ. ಮೊದಲೇ ಆ ಕಾಲಮ್ಮನ್ನು ಟೆಕ್ಸ್ಟ್ ಮಾಡಿಡಿ. ಸೊನ್ನೆಯಾದ ಮೇಲೆ ಫಾರ್ಮ್ಯಾಟ್ ಬದಲಿಸಿದರೆ ಹಳೇ ಅಂಕೆ ವಾಪಸ್ ಬರುವುದಿಲ್ಲ.

ಕುಮಟಾ ಮೇಷ್ಟ್ರು:
ನಿಮ್ಮ ತಂದೆಯವರಿಗೆ ನಮಸ್ಕಾರ ತಿಳಿಸಿ. ಗುಣಾಕಾರವನ್ನು ಉದ್ದಕ್ಕೆ ಬರೆದು ನೋಡಿ. ಒಂಬತ್ತು ಒಂದುಗಳ ಸಾಲೇ ಒಂಬತ್ತು ಸಲ ಬರುತ್ತದೆ, ಪ್ರತಿ ಸಾಲೂ ಒಂದೊಂದು ಮನೆ ಎಡಕ್ಕೆ. ಬಲತುದಿಯ ಕಂಬದಲ್ಲಿ ಒಂದೇ ಒಂದು, ಪಕ್ಕದಲ್ಲಿ ಎರಡು, ನಡುವೆ ಒಂಬತ್ತು, ಮತ್ತೆ ಇಳಿಜಾರು. ಹಂಚಿನ ಮಾಡಿನ ಹಾಗೆ. ಎಲ್ಲೂ ದಶಕ ಇಲ್ಲ, ಅದಕ್ಕೇ ಇಷ್ಟು ಚಂದ.

ಇನ್ನೊಂದು ತಮಾಷೆ. 111111111 ಅನ್ನು 9ರಿಂದ ಭಾಗಿಸಿ. 12345679 ಬರುತ್ತದೆ, 8 ನಾಪತ್ತೆ! ಅದು 37 × 333667. ಎರಡೂ ಅವಿಭಾಜ್ಯ. ಹಾಗಾಗಿ ನಿಮ್ಮ ದೊಡ್ಡ ಸಂಖ್ಯೆಯಲ್ಲಿ 3 ನಾಲ್ಕು ಸಲ, 37 ಎರಡು ಸಲ, 333667 ಎರಡು ಸಲ. ಪ್ರತಿಯೊಂದಕ್ಕೂ ಒಂದು ಕೂಡಿಸಿ ಗುಣಿಸಿ, 5 × 3 × 3. ಭಾಜಕಗಳು ಒಟ್ಟು 45. ವರ್ಗಸಂಖ್ಯೆ ಅಲ್ವಾ, ಭಾಜಕಗಳ ಲೆಕ್ಕ ಬೆಸವೇ ಬರಬೇಕು.

ಹತ್ತು ಒಂದು ಹಾಕಿದರೆ ಏನಾಗುತ್ತದೆ ಅಂತ ನಾನು ಹೇಳುವುದಿಲ್ಲ. ಕಾಗದದಲ್ಲೇ ಮಾಡಿ.

ಸಿರ್ಸಿ ವಖಾರಿ:
ಮಾಡಿದೆವು ಸಾರ್. ಕರೆಂಟ್ ಇರಲಿಲ್ಲ, ಕಾಗದವೇ ಗತಿ. ನಡುವಿನ ಕಂಬದಲ್ಲಿ ಹತ್ತು ಬಂತು, ದಶಕ ಎಡಕ್ಕೆ ಹೋಯಿತು, ಮಾಡು ಕುಸಿಯಿತು. 1234567900987654321. ಏರುವ ಕಡೆ ಇಲ್ಲೂ 8 ಇಲ್ಲ.

ನಾನು ತಪ್ಪಿದೆ ಅಂದುಕೊಂಡೆ. ಅಪ್ಪ ಕನ್ನಡಕ ಏರಿಸಿ ಅಂಕೆ ಕೂಡಿಸಿದ. 82. ಎಂಟು ಎರಡು ಹತ್ತು. ಹತ್ತು ಅಂದರೆ ಒಂದು. ಅತ್ತ ಹತ್ತು ಒಂದುಗಳ ಮೊತ್ತವೂ ಹತ್ತು, ಅಂದರೆ ಒಂದು. ಒಂದೊಂದ್ಲಿ ಒಂದು.

"ಸರಿ ಇದ್ದು" ಅಂದು ಮಲಗಲು ಹೋದ.