ಪದಚರ್ಚೆ: ‘ರಂದಾ ಮಶಿನ್’ ಅಂದರೆ ಯಾವ ಯಂತ್ರ? ಹಳೆಯ ಕೈಪಿಡಿ ಹುಡುಕುವಾಗಿನ ತೊಡಕು

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ.

ರಂದಾ ಅಂದರೆ ಕಟ್ಟಿಗೆಯ ಮೈ ಕೀಸಿ ನುಣುಪು ಮಾಡುವ ಸಾಧನ. ಹುಬ್ಬಳ್ಳಿ-ಧಾರವಾಡ, ಹಾವೇರಿ ಕಡೆಯ ಬಡಿಗೇರರಲ್ಲಿ ‘ರಂದಾ ಮಶಿನ್’ ಎಂಬ ಒಂದೇ ಮಾತು ಮೂರು ಯಂತ್ರಗಳಿಗೆ ನಡೆಯುತ್ತದೆ. ಕೈಯಲ್ಲಿ ಹಿಡಿದು ಓಡಿಸುವುದೂ ಅದೇ, ಹಲಗೆಯ ಒಂದು ಮೈ ಸಪಾಟು ಮಾಡುವ ದೊಡ್ಡ ಯಂತ್ರವೂ ಅದೇ, ಹಲಗೆಯನ್ನು ಉದ್ದಕ್ಕೂ ಒಂದೇ ದಪ್ಪಕ್ಕೆ ತರುವುದೂ ಅದೇ. ಯಂತ್ರ ಕಣ್ಣೆದುರಿಗಿದ್ದಾಗ ತೊಂದರೆಯಿಲ್ಲ. ತಯಾರಿಕೆ ನಿಂತುಹೋದ ಯಂತ್ರಕ್ಕೆ ಕೈಪಿಡಿ ಹುಡುಕಲು ಕೂತಾಗ ಈ ಹೆಸರು ಕೈಕೊಡುತ್ತದೆ.

ಇಂಗ್ಲಿಷಿನಲ್ಲೂ ಗೊಂದಲ ಕಡಿಮೆಯಿಲ್ಲ. ಬ್ರಿಟನ್ನಿನವರು ‘ಪ್ಲೇನರ್’ ಎನ್ನುವುದು ಮೈ ಸಪಾಟು ಮಾಡುವ ಯಂತ್ರಕ್ಕೆ. ಅಮೆರಿಕದಲ್ಲಿ ಅದು ‘ಜಾಯಿಂಟರ್’. ಅಮೆರಿಕದವರ ‘ಪ್ಲೇನರ್’ ಬ್ರಿಟನ್ನಿನಲ್ಲಿ ‘ಥಿಕ್ನೆಸರ್’. ಲೆಸ್ಟರ್ ಊರಿನ ವಾಡ್ಕಿನ್ ಕಂಪನಿಯ ಯಂತ್ರ ಇಟ್ಟುಕೊಂಡವರು ಬರೀ ‘ಪ್ಲೇನರ್ ಮ್ಯಾನುವಲ್’ ಎಂದು ಹುಡುಕಿದರೆ ಅಮೆರಿಕದ ಕೈಪಿಡಿಗಳೇ ಸಾಲಾಗಿ ಬರುತ್ತವೆ. ಅದರಲ್ಲಿ ಫೀಡ್ ರೋಲರ್, ಚಿಪ್ ಬ್ರೇಕರ್, ಪ್ರೆಶರ್ ಬಾರ್ ಎಂಬ ಥಿಕ್ನೆಸರ್ ಭಾಗಗಳನ್ನು ಹೊಂದಿಸುವ ವಿವರ ಪುಟಗಟ್ಟಲೆ ಇರುತ್ತದೆ. ಎದುರಿಗಿರುವ ಯಂತ್ರದಲ್ಲಿ ಆ ಭಾಗಗಳೇ ಇರುವುದಿಲ್ಲ.

ಇಂಥ ಕೈಪಿಡಿಗಳಿಗೆ ಕನ್ನಡದಲ್ಲಿ ಒಂದು ಪದಪಟ್ಟಿ ಮಾಡುತ್ತಿದ್ದೇನೆ. ಮೈ ಸಪಾಟು ಮಾಡುವುದು, ಒಂದೇ ದಪ್ಪಕ್ಕೆ ತರುವುದು, ಈ ಎರಡು ಯಂತ್ರಗಳಿಗೆ ಬೇರೆ ಬೇರೆ ಹೆಸರು ಬೇಕು. ‘ಉಜ್ಜುಗೊರಡು ಯಂತ್ರ’ ಸರಿಹೋದೀತೇ? ‘ಕೀಸುಳಿ’ ಎಂಬ ಹಳೆಯ ಮಾತನ್ನು ಎತ್ತಿಕೊಳ್ಳಬಹುದೇ? ಇನ್ನೊಂದು, ಸಪಾಟು ಮಾಡುವ ಯಂತ್ರದಲ್ಲಿ ಕತ್ತಿಯ ಆಚೀಚೆ ಇರುವ ಎರಡು ಟೇಬಲ್‌ಗಳಿಗೆ ನಿಮ್ಮ ಕಡೆ ಏನನ್ನುತ್ತಾರೆ?

ಉತ್ತರ:

‘ರಂದಾ’ ಬಿಡಬೇಡಿ. ಫಾರಸಿಯಿಂದ ಹೊರಟು ಹಿಂದಿ, ಮರಾಠಿಗಳ ದಾರಿಯಲ್ಲಿ ಬಂದ ಮಾತಾದರೂ ಗದಗಿನಿಂದ ಧಾರವಾಡದವರೆಗೆ ಬಡಿಗೇರರ ಮನೆಮಾತಾಗಿದೆ. ಮರಾಠಿ ರೂಢಿಯಂತೆ ‘ರಂಧಾ’ ಎಂದು ಬರೆಯುವವರೂ ಇದ್ದಾರೆ, ಎರಡನ್ನೂ ಪಟ್ಟಿಯಲ್ಲಿ ಕೊಡಿ. ‘ಕೀಸುಳಿ’ ಚಂದದ ಪದ, ಕೀಸುವ ಉಳಿ. ಆದರೆ ಇಲ್ಲಿಯ ಅಂಗಡಿಯಲ್ಲಿ ಅದನ್ನು ಹೇಳಿ ಸಾಮಾನು ತರಲಾಗದು. ‘ಉಜ್ಜುಗೊರಡು ಯಂತ್ರ’ಕ್ಕೆ ನನ್ನ ಆಕ್ಷೇಪವಿದೆ: ಉಜ್ಜೋದು ಅಂದರೆ ನಮ್ಮಲ್ಲಿ ಪಾಲೀಶ್ ಪೇಪರ್ ಹಿಡಿದು ಉಜ್ಜೋದು. ಓದಿದವರು ಸ್ಯಾಂಡರ್ ಎಂದುಕೊಳ್ಳುತ್ತಾರೆ.

ನನ್ನ ಸೂಚನೆ: ಮೈ ಸಪಾಟು ಮಾಡುವುದು ‘ಸಪಾಟ ರಂದಾ’, ಒಂದೇ ದಪ್ಪಕ್ಕೆ ತರುವುದು ‘ಅಳತೆ ರಂದಾ’. ‘ದಪ್ಪ ರಂದಾ’ ಎಂದರೆ ರಂದಾನೇ ದಪ್ಪ ಎಂಬ ಅರ್ಥ ಬರುತ್ತದೆ. ಈ ಎರಡು ಹೆಸರಿನಿಂದ ಕೆಲಸದ ಕ್ರಮವೂ ತಿಳಿಯುತ್ತದೆ. ಸೊಟ್ಟ ಹಲಗೆಯನ್ನು ನೇರವಾಗಿ ಅಳತೆ ರಂದಾಕ್ಕೆ ಕೊಟ್ಟರೆ ರೋಲರುಗಳು ಅದನ್ನು ಒತ್ತಿ ಚಪ್ಪಟೆ ಮಾಡಿ ಒಯ್ಯುತ್ತವೆ, ಹೊರಬಂದ ಮೇಲೆ ಅದು ಮತ್ತೆ ಸೊಟ್ಟಾಗುತ್ತದೆ. ಮೊದಲು ಒಂದು ಮೈ ಮತ್ತು ಒಂದು ಅಂಚು ಸಪಾಟ ರಂದಾದಲ್ಲಿ ಆಗಬೇಕು. ಅಂಚಿಗೆ ಗುನ್ಯಾ (ಮೂಲೆಮಟ್ಟ) ಹಚ್ಚಿ ನೋಡಿ, ಆಮೇಲೆ ಅಳತೆ.

ಟೇಬಲ್‌ಗಳಿಗೆ ‘ಮುಂದಿನದು, ಹಿಂದಿನದು’ ಎಂದು ಬರೆಯಬೇಡಿ, ನಿಂತ ಜಾಗದ ಮೇಲೆ ಅರ್ಥ ಬದಲಾಗುತ್ತದೆ. ಹಲಗೆ ಕತ್ತಿಗೆ ಹೋಗುವ ಕಡೆಯದು ‘ಕೊಡೋ ಟೇಬಲ್’, ಹೊರಬರುವ ಕಡೆಯದು ‘ತಗೊಳ್ಳೋ ಟೇಬಲ್’ ಅನ್ನಿ. ಕೈಪಿಡಿಯ ಮುಖ್ಯ ವಿಷಯ ಇಲ್ಲಿಯೇ ಇದೆ: ತಗೊಳ್ಳೋ ಟೇಬಲ್ ಕತ್ತಿಯ ಅತಿ ಎತ್ತರದ ಬಿಂದುವಿಗೆ ಸಮ ಇರಬೇಕು, ಕೊಡೋ ಟೇಬಲ್ ಎಷ್ಟು ಕೀಸಬೇಕೋ ಅಷ್ಟು ಕೆಳಗೆ. ತಗೊಳ್ಳೋ ಟೇಬಲ್ ತಗ್ಗಾದರೆ ಹಲಗೆಯ ಕೊನೆಗೆ ‘ತಗ್ಗು ಬೀಳತೈತಿ’. ಏರಾದರೆ ಹಲಗೆಯ ಮುಂತುದಿ ಅದಕ್ಕೆ ತಾಗಿ ನಿಲ್ಲುತ್ತದೆ, ಇಲ್ಲವೇ ಕೀಸು ಬರಬರುತ್ತ ಕಡಿಮೆಯಾಗಿ ಹಲಗೆ ಓರೆಯಾಗುತ್ತದೆ. ಇಂಗ್ಲಿಷಿನ ‘ಸ್ನೈಪ್’ಗೆ ಈ ‘ತಗ್ಗು ಬೀಳೋದು’ ಸಾಕು, ಹೊಸ ಪದ ಕಟ್ಟಬೇಕಿಲ್ಲ. ಹೊಂದಿಕೆಯ ಅಳತೆಯನ್ನು ಮಾತ್ರ ಸೂತಿನಲ್ಲಿ ಕೊಡಬೇಡಿ. ಇಂಚಿಗೆ 8 ಸೂತು, ಅಂದರೆ ಒಂದು ಸೂತು ಸುಮಾರು 3.2 ಮಿ.ಮೀ.; ಕತ್ತಿ ಕೂರಿಸುವ ಕೆಲಸಕ್ಕೆ ಅದು ತೀರ ಒರಟು.

ಕಟ್ಟಿಗೆಯ ಅಂಚಿಗೆ ಆಕಾರ ಕೊಡುವ ಸ್ಪಿಂಡಲ್ ಮೋಲ್ಡರನ್ನೂ ಪಟ್ಟಿಗೆ ಸೇರಿಸಿ. ಅಮೆರಿಕದಲ್ಲಿ ಅದು ‘ಶೇಪರ್’. ಆದರೆ ಹುಬ್ಬಳ್ಳಿಯ ಗೋಕುಲ ರೋಡಿನ ವರ್ಕ್‌ಶಾಪಿನಲ್ಲಿ ಶೇಪರ್ ಅಂದರೆ ಕಬ್ಬಿಣ ಕೆತ್ತುವ ಯಂತ್ರ.

ಹುಡುಕುವ ಮುನ್ನ ಯಂತ್ರದ ನೇಮ್ ಪ್ಲೇಟ್ ಓದಿ. ಸೀಮೆಎಣ್ಣೆ ಹಾಕಿದ ಅರಿವೆಯಿಂದ ಜಿಡ್ಡು ತೆಗೆದು, ಒಣಗಿದ ಮೇಲೆ ಸೀಮೆಸುಣ್ಣ ತಿಕ್ಕಿ ಒರೆಸಿದರೆ ಒತ್ತಿದ ಅಂಕಿಗಳಲ್ಲಿ ಬಿಳಿ ಉಳಿದು ಎದ್ದು ಕಾಣುತ್ತವೆ. ಪಾಲೀಶ್ ಪೇಪರ್ ಹಚ್ಚಿದರೆ ಅಂಕಿಯೇ ಹೋಗುತ್ತದೆ. ಎರಕದ ಮೈಮೇಲೆ ಉಬ್ಬಿದ ಅಂಕಿ ಆ ಬಿಡಿಭಾಗದ್ದು, ಮಾಡೆಲ್ ನಂಬರಲ್ಲ. ಮೋಟರಿನ ಪ್ಲೇಟೂ ಬೇರೆ. ಅದನ್ನು ನೋಡಿ ಹುಡುಕಿದರೆ ಮೋಟರಿನ ಕಾಗದವಷ್ಟೇ ಸಿಗುತ್ತದೆ.

ಕಂಪನಿ ಕೈಬದಲಾದರೆ ಹೆಸರೂ ಬದಲಾಗಿರುತ್ತದೆ. 1945ರಲ್ಲಿ ಡೆಲ್ಟಾ ಕಂಪನಿ ರಾಕ್‌ವೆಲ್ ಕಂಪನಿಯ ಪಾಲಾಯಿತು, ಹಾಗಾಗಿ ಎರಡೂ ಹೆಸರಿನಲ್ಲಿ ಹುಡುಕಬೇಕು. 1984ರಲ್ಲಿ ಎಲು ಎಂಬ ಕಂಪನಿ ಬ್ಲ್ಯಾಕ್ ಅಂಡ್ ಡೆಕರ್‌ಗೆ ಸೇರಿತು. ಎಲುವಿನ ಎಂಒಎಫ್ 177 ರೌಟರಿನ (ಕಟ್ಟಿಗೆಯಲ್ಲಿ ಗಾಡಿ ಕೊರೆಯುವ ಕೈಯಂತ್ರ) ಕಾಗದ ಸಿಗದಿದ್ದರೆ ಬ್ಲ್ಯಾಕ್ ಅಂಡ್ ಡೆಕರ್‌ನದೇ ಆದ ಡಿವಾಲ್ಟ್ ಹೆಸರಿನ ಡಿಡಬ್ಲ್ಯು 625ರದ್ದು ನೋಡಿ. ವಿಂಟೇಜ್ ಮೆಷಿನರಿ ಎಂಬ ತಾಣದಲ್ಲಿ ಹಳೆಯ ಕೈಪಿಡಿಗಳ ದೊಡ್ಡ ಸಂಗ್ರಹವಿದೆ.

‘ಕೈಪಿಡಿ’ ಪದವನ್ನೂ ಒಡೆಯಬೇಕು. ಬಳಕೆ ಕೈಪಿಡಿ, ಬಿಡಿಭಾಗಗಳ ಪಟ್ಟಿ, ವೈರಿಂಗ್ ನಕ್ಷೆ ಮೂರೂ ಬೇರೆ. ಬೇರಿಂಗ್ ನಂಬರ್ ಬೇಕಾದವರು ಬರೀ ಮ್ಯಾನುವಲ್ ಕೇಳಿದರೆ ಸುರಕ್ಷತೆಯ ಸೂಚನೆಗಳು ಕೈಗೆ ಬರುತ್ತವೆ. ಅವರು ಕೇಳಬೇಕಾದ್ದು ‘ಪಾರ್ಟ್ಸ್ ಲಿಸ್ಟ್’.

ಅಮೆರಿಕದ ಕೈಪಿಡಿಯಾದರೆ ಪುಲಿಯ ಅಳತೆಯನ್ನು ಹಾಗೇ ನಂಬಬೇಡಿ. ಅಲ್ಲಿಯ ಕರೆಂಟು 60 ಹರ್ಟ್ಸ್, ಮೋಟರು ನಿಮಿಷಕ್ಕೆ 3450 ಸುತ್ತು. ನಮ್ಮಲ್ಲಿ 50 ಹರ್ಟ್ಸ್, ಅಂಥದೇ ಮೋಟರು ಸುಮಾರು 2880 ಸುತ್ತು. ಕೈಪಿಡಿಯಲ್ಲಿ ಮೋಟರಿಗೆ 4 ಇಂಚಿನ ಪುಲಿ ಎಂದಿದ್ದರೆ ಇಲ್ಲಿ 4.8 ಇಂಚು ಹಾಕಿದರೆ ಕತ್ತಿಯ ವೇಗ ಅಷ್ಟೇ ಬರುತ್ತದೆ. ಪುಲಿ ಬದಲಿಸಿದಾಗ ಪಟ್ಟಾದ (ಬೆಲ್ಟಿನ) ಉದ್ದವನ್ನೂ ಮತ್ತೆ ಅಳೆಯಿರಿ. ಪದಪಟ್ಟಿಯಲ್ಲಿ ‘ಆರ್‌ಪಿಎಂ’ ಮುಂದೆ ‘ನಿಮಿಷಕ್ಕೆ ಸುತ್ತು’ ಎಂದು ಬರೆದು, ಅದು ಮೋಟರಿನದೋ ಕತ್ತಿಯದೋ ಎಂಬುದನ್ನು ಪ್ರತಿ ಸಲವೂ ಹೇಳಿಬಿಡಿ.