ಹಾಲಿನ ಕ್ಯಾನಿನ ಮೇಲಿನ ಎರಡು ಸಾಲುಗಳು: ಆರ್‌ಬಿಎಸ್‌ಟಿ ಹಾರ್ಮೋನಿನ ಬಗ್ಗೆ ತಿಳಿದವರು ಹೇಳಬೇಕು

ಸುಮಾ, ನ್ಯೂಜೆರ್ಸಿ:
ಇಲ್ಲಿ ನಾವು ಕೊಳ್ಳುವ ಹಾಲಿನ ಕ್ಯಾನಿನ ಮೇಲೆ, ಇದು ಆರ್‌ಬಿಎಸ್‌ಟಿ ಕೊಡದ ಹಸುಗಳ ಹಾಲು ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಅದರ ಕೆಳಗೇ, ಕನ್ನಡಕ ಹಾಕಿಕೊಂಡು ಓದಬೇಕಾದಷ್ಟು ಸಣ್ಣ ಅಕ್ಷರದಲ್ಲಿ, ಆ ಹಾರ್ಮೋನು ಕೊಟ್ಟ ಹಸುವಿನ ಹಾಲಿಗೂ ಕೊಡದ ಹಸುವಿನ ಹಾಲಿಗೂ ಗಮನಾರ್ಹ ವ್ಯತ್ಯಾಸ ಕಂಡುಬಂದಿಲ್ಲ ಎಂದಿರುತ್ತದೆ. ವ್ಯತ್ಯಾಸವಿಲ್ಲದಿದ್ದರೆ ಮೊದಲನೆಯ ಸಾಲೇಕೆ, ಇದ್ದರೆ ಎರಡನೆಯದೇಕೆ? ಮಂಡ್ಯದಲ್ಲಿರುವ ನಮ್ಮ ಅಮ್ಮ, ‘ಅಲ್ಲೂ ಇಂಜೆಕ್ಷನ್ ಚುಚ್ಚಿ ಹಾಲು ಕರೀತಾರಂತೆ, ಮಗುವಿಗೆ ಕೊಡಬೇಡ’ ಎನ್ನುತ್ತಾರೆ. ಮಗಳಿಗೆ ಮೂರು ವರ್ಷ. ದಯವಿಟ್ಟು ವಿವರಿಸಿ.

ಶಿವಕುಮಾರ, ಪಶುವೈದ್ಯ, ಹಾಸನ:
ಸುಮಾ ಅವರೇ, ಬಿಎಸ್‌ಟಿ ಎಂಬುದು ಪ್ರತಿಯೊಂದು ಹಸುವಿನ ಪಿಟ್ಯುಟರಿ ಗ್ರಂಥಿಯಲ್ಲಿಯೂ ಸಹಜವಾಗಿ ಹುಟ್ಟುವ ಬೆಳವಣಿಗೆಯ ಹಾರ್ಮೋನು. ಆ ಗ್ರಂಥಿಯ ಸಾರವನ್ನು ಚುಚ್ಚಿದರೆ ಹಾಲು ಹೆಚ್ಚುತ್ತದೆಂಬುದನ್ನು ಸೋವಿಯತ್ ವಿಜ್ಞಾನಿಗಳು 1930ರ ದಶಕದಲ್ಲಿಯೇ ತೋರಿಸಿದ್ದರು. ಆದರೆ ಕಸಾಯಿಖಾನೆಯಲ್ಲಿ ಸಿಗುವ ಗ್ರಂಥಿಗಳಿಂದ ದೊಡ್ಡ ಪ್ರಮಾಣದಲ್ಲಿ ಅದನ್ನು ತೆಗೆಯುವುದು ಸಾಧ್ಯವಿರಲಿಲ್ಲ. ಬ್ಯಾಕ್ಟೀರಿಯಾದೊಳಗೆ ಹಸುವಿನ ಜೀನನ್ನು ಸೇರಿಸಿ ಹಾರ್ಮೋನನ್ನು ತಯಾರಿಸುವ ವಿಧಾನ ಬಂದ ಮೇಲೆ ಮಾನ್ಸಾಂಟೊ ಕಂಪನಿ ಅದನ್ನು ಪೋಸಿಲ್ಯಾಕ್ ಎಂಬ ಹೆಸರಿನಲ್ಲಿ ತಯಾರಿಸಿತು. ಹೀಗೆ ತಯಾರಾದ ಬಿಎಸ್‌ಟಿಯೇ ಆರ್‌ಬಿಎಸ್‌ಟಿ. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1993ರ ನವೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಕರು ಹಾಕಿ ಸುಮಾರು ಎರಡು ತಿಂಗಳಾದ ಹಸುವಿಗೆ 14 ದಿನಕ್ಕೊಮ್ಮೆ ಚುಚ್ಚಿದರೆ ಹಾಲು ಶೇಕಡಾ 10ರಿಂದ 15ರಷ್ಟು ಹೆಚ್ಚುತ್ತದೆ, ಆದರೆ ಅದಕ್ಕೆ ತಕ್ಕ ಹಿಂಡಿ, ಮೇವು ಬೀಳಬೇಕು.

ಕುಡಿಯುವವರ ವಿಷಯ. ಈ ಹಾರ್ಮೋನು ಪ್ರೋಟೀನಾದ್ದರಿಂದ ಹೊಟ್ಟೆಯಲ್ಲಿ ಜೀರ್ಣವಾಗುತ್ತದೆ. ಅದೂ ಅಲ್ಲದೆ, ಬೆಳವಣಿಗೆ ಕುಂಠಿತವಾದ ಮಕ್ಕಳಿಗೆ ಹಸುವಿನ ಈ ಹಾರ್ಮೋನನ್ನೇ ಚುಚ್ಚಿ ನೋಡಿದ್ದ ಕಾಲವೊಂದಿತ್ತು. ಮನುಷ್ಯರ ಮೈಯಲ್ಲಿ ಅದು ಕೆಲಸವನ್ನೇ ಮಾಡಲಿಲ್ಲ. ತಕರಾರು ಇರುವುದು ಜೀವಕೋಶಗಳ ಬೆಳವಣಿಗೆಯನ್ನು ಪ್ರಚೋದಿಸುವ ಐಜಿಎಫ್-1 ಎಂಬ ಇನ್ನೊಂದು ಪ್ರೋಟೀನಿನ ಬಗ್ಗೆ. ಅದು ಹಸುವಿನಲ್ಲಿಯೂ ಮನುಷ್ಯರಲ್ಲಿಯೂ ಒಂದೇ ರೂಪದಲ್ಲಿರುತ್ತದೆ, ಚುಚ್ಚುಮದ್ದು ಪಡೆದ ಹಸುವಿನ ಹಾಲಿನಲ್ಲಿ ಸ್ವಲ್ಪ ಹೆಚ್ಚಾಗುತ್ತದೆ. ನಮ್ಮ ಶರೀರ ದಿನವೂ ತಾನಾಗಿ ಉತ್ಪಾದಿಸುವ ಪ್ರಮಾಣದ ಮುಂದೆ ಅದು ಅತ್ಯಲ್ಪ ಎಂಬುದು ಎಫ್‌ಡಿಎ ವಾದ, ಮತ್ತು ನನಗೆ ಅದು ಸರಿಯೆನಿಸುತ್ತದೆ.

ರಘುನಂದನ, ಟೊರಾಂಟೊ:
ಡಾಕ್ಟರರೇ, ಕುಡಿಯುವವರ ವಿಷಯವನ್ನು ವಿವರವಾಗಿ ಹೇಳಿದಿರಿ; ಚುಚ್ಚಿಸಿಕೊಳ್ಳುವ ಹಸುವಿನ ವಿಷಯವನ್ನು ಬಿಟ್ಟಿರಿ. ಪಶುವೈದ್ಯರಿಂದ ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಕೆನಡಾ 1999ರ ಜನವರಿಯಲ್ಲಿ ಈ ಔಷಧಿಗೆ ಅನುಮತಿ ನಿರಾಕರಿಸುವ ಮೊದಲು ಎರಡು ತಜ್ಞ ಸಮಿತಿಗಳನ್ನು ನೇಮಿಸಿತ್ತು. ಮನುಷ್ಯರ ಆರೋಗ್ಯವನ್ನು ನೋಡಿದ ಸಮಿತಿಗೆ ಹೇಳಿಕೊಳ್ಳುವಂಥ ಅಪಾಯ ಕಾಣಲಿಲ್ಲ. ಪಶುವೈದ್ಯರ ಸಮಿತಿಯಾದರೋ, ಕೆಚ್ಚಲು ಬಾವಿನ ಸಂಭವ ಸುಮಾರು ಶೇಕಡಾ 25ರಷ್ಟು, ಕುಂಟುವ ಸಂಭವ ಸುಮಾರು ಶೇಕಡಾ 50ರಷ್ಟು ಹೆಚ್ಚುತ್ತದೆಂದೂ, ಹಸು ಗಬ್ಬ ನಿಲ್ಲುವುದೂ ಕಷ್ಟವಾಗುತ್ತದೆಂದೂ ವರದಿ ಕೊಟ್ಟಿತು. ಯುರೋಪಿನ ಒಕ್ಕೂಟ 2000ದ ಜನವರಿಯಿಂದ ಶಾಶ್ವತವಾಗಿ ನಿಷೇಧಿಸಿದ್ದೂ ಪಶುಗಳ ಆರೋಗ್ಯದ ಕಾರಣಕ್ಕಾಗಿಯೇ. ಆದ್ದರಿಂದ ‘ಅಲ್ಲಿ ನಿಷೇಧವಾಗಿದೆ, ಹಾಗಾಗಿ ಹಾಲು ವಿಷ’ ಎಂದು ವಾಟ್ಸಾಪಿನಲ್ಲಿ ಹರಿದಾಡುವ ಮಾತು ತಪ್ಪು. ‘ಹಾಲಿಗೆ ದೋಷವಿಲ್ಲ, ಹಾಗಾಗಿ ತಕರಾರೇ ಇಲ್ಲ’ ಎನ್ನುವುದೂ ಅಷ್ಟೇ ತಪ್ಪು.

ಶಿವಕುಮಾರ:
ಒಪ್ಪುತ್ತೇನೆ. ಹಾಲು ಹೆಚ್ಚು ಕೊಡುವ ಯಾವ ಹಸುವಿಗೂ ಕೆಚ್ಚಲು ಬಾವು ಬರುವ ಸಂಭವ ಹೆಚ್ಚು ಎಂಬ ಸಮಜಾಯಿಷಿ ಉಂಟು, ಆದರೆ ಬಾವು ಬಂದ ಹಸುವಿನ ಸಂಕಟ ಅದರಿಂದ ಕಡಿಮೆಯಾಗುವುದಿಲ್ಲ.

ವಸುಧಾ, ವರ್ಮಾಂಟ್:
ಎರಡು ಸಾಲುಗಳ ಕಥೆ ಕೋರ್ಟಿನದು. ಹಾರ್ಮೋನು ಬಳಸಿದ ಹಾಲಿನ ಮೇಲೆ ಹಾಗೆಂದು ನಮೂದಿಸಲೇಬೇಕೆಂದು ನಮ್ಮ ರಾಜ್ಯ ಕಾನೂನು ಮಾಡಿತ್ತು. ಗ್ರಾಹಕರ ಕುತೂಹಲವೊಂದನ್ನೇ ಕಾರಣ ಮಾಡಿಕೊಂಡು ತಯಾರಕರ ಬಾಯಿಂದ ಹೇಳಿಸುವಂತಿಲ್ಲ ಎಂದು ಮೇಲ್ಮನವಿ ನ್ಯಾಯಾಲಯ 1996ರಲ್ಲಿ ಅದನ್ನು ತಡೆಯಿತು. ಹೀಗಾಗಿ, ಬಳಸಿದವರು ಹೇಳಬೇಕಾಗಿಲ್ಲ, ಬಳಸದವರು ಹೇಳಿಕೊಳ್ಳಬಹುದು ಎಂಬ ವಿಚಿತ್ರ ಸ್ಥಿತಿ ಉಂಟಾಯಿತು. ಹಾಗೆ ಹೇಳಿಕೊಂಡ ಮೇನ್ ರಾಜ್ಯದ ಓಕ್‌ಹರ್ಸ್ಟ್ ಡೈರಿಯ ಮೇಲೆ ಮಾನ್ಸಾಂಟೊ 2003ರಲ್ಲಿ ದಾವೆ ಹೂಡಿತು; ಡೈರಿಯವರು ಲೇಬಲ್ಲಿಗೆ ಎಫ್‌ಡಿಎ ಅಭಿಪ್ರಾಯವನ್ನೂ ಸೇರಿಸಲು ಒಪ್ಪಿ ರಾಜಿಯಾದರು. ನೀವು ಓದುವ ಸಣ್ಣ ಅಕ್ಷರದ ಸಾಲು ಅದೇ. ಮುಂದೆ ಗ್ರಾಹಕರ ಒಲವನ್ನು ಕಂಡು 2008ರಲ್ಲಿ ವಾಲ್‌ಮಾರ್ಟ್ ಕೂಡ ತನ್ನ ಹೆಸರಿನ ಹಾಲಿಗೆ ಈ ಹಾರ್ಮೋನಿನ ಬಳಕೆಯನ್ನು ಬಿಟ್ಟಿತು. ಅದೇ ವರ್ಷ ಮಾನ್ಸಾಂಟೊ ಈ ವ್ಯವಹಾರವನ್ನು ಇಲೈ ಲಿಲ್ಲಿ ಎಂಬ ಔಷಧ ಕಂಪನಿಗೆ ಮಾರಿತು.

ಶಿವಕುಮಾರ:
ಸುಮಾ ಅವರೇ, ನಿಮ್ಮ ತಾಯಿಯವರ ಮನಸ್ಸಿನಲ್ಲಿರುವ ಇಂಜೆಕ್ಷನ್ ಬಹುಶಃ ಆಕ್ಸಿಟೋಸಿನ್. ಅದು ಹಾಲನ್ನು ಹೆಚ್ಚಿಸುವುದಿಲ್ಲ, ಕೆಚ್ಚಲಿನಲ್ಲಿರುವುದನ್ನು ಕೂಡಲೇ ಇಳಿಸುತ್ತದೆ. ಕರು ಸತ್ತ ಎಮ್ಮೆಗೆ ಚುಚ್ಚುವುದುಂಟು. ಈ ದುರ್ಬಳಕೆಯನ್ನು ತಡೆಯಲು ಕೇಂದ್ರ ಸರ್ಕಾರ 2018ರಲ್ಲಿ ಅದರ ತಯಾರಿಕೆಯನ್ನು ನಮ್ಮ ಬೆಂಗಳೂರಿನ ಕರ್ನಾಟಕ ಆಂಟಿಬಯೋಟಿಕ್ಸ್ ಸಂಸ್ಥೆಯೊಂದಕ್ಕೇ ಮೀಸಲಿಡಲು ಹೊರಟಿತ್ತು. ಹೆರಿಗೆಯ ರಕ್ತಸ್ರಾವವನ್ನು ನಿಲ್ಲಿಸುವ ಔಷಧಿಯೂ ಅದೇ ಆದ್ದರಿಂದ ವಿವಾದವೆದ್ದು, ದೆಹಲಿ ಹೈಕೋರ್ಟ್ ಆ ವರ್ಷದ ಡಿಸೆಂಬರಿನಲ್ಲಿ ಆದೇಶವನ್ನು ರದ್ದುಪಡಿಸಿತು.

ಸುಮಾ:
ಎಲ್ಲರಿಗೂ ಧನ್ಯವಾದಗಳು. ಅಮ್ಮನಿಗೆ ಫೋನಿನಲ್ಲಿ ಎಲ್ಲವನ್ನೂ ಓದಿ ಹೇಳಿದೆ. ‘ಮಗುವಿನ ವಿಷಯ ಹಾಗಿರಲಿ, ಹಸುವಿಗೆ ಕೆಚ್ಚಲು ಬಾವು ಬರೋದು ನಿಜ ತಾನೇ?’ ಎಂದರು. ಸದ್ಯಕ್ಕೆ ಅದೇ ಕ್ಯಾನನ್ನು ಕೊಳ್ಳುತ್ತಿದ್ದೇನೆ. ಆದರೆ ನಾವು ತರುವ ಮೊಸರಿನ ಡಬ್ಬಿಯ ಮೇಲೆ ಈ ಎರಡು ಸಾಲುಗಳಲ್ಲಿ ಒಂದೂ ಇಲ್ಲ. ಅದರ ಹಾಲಿನ ವಿಷಯವನ್ನು ಯಾರನ್ನು ಕೇಳಬೇಕು?